ನಡುಗುವ ಕೈಗೆ 16ರ ಸೂಜಿ

ಓದುಗರ ಪ್ರಶ್ನೆಗಳು: ಈ ಸಂಚಿಕೆಯ ಪತ್ರಗಳೆಲ್ಲ ರಕ್ತದಾನದ ಸುತ್ತಲೇ ಇವೆ. ಉತ್ತರಿಸಿದವರು ಮಡಿಕೇರಿಯಲ್ಲಿ ರಕ್ತನಿಧಿ ತಂತ್ರಜ್ಞೆಯಾಗಿದ್ದು ನಿವೃತ್ತರಾದವರು.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಲ್ಯಾಬ್ ಟೆಕ್ನೀಷಿಯನ್ ಕೋರ್ಸಿನ ಎರಡನೇ ವರ್ಷದಲ್ಲಿದ್ದೇನೆ. ಕಳೆದ ತಿಂಗಳು ಗೋಣಿಕೊಪ್ಪದಲ್ಲಿ ರಕ್ತದಾನ ಶಿಬಿರಕ್ಕೆ ನಮ್ಮನ್ನು ಕರೆದುಕೊಂಡು ಹೋಗಿದ್ದರು. ಬೆಳಿಗ್ಗೆಯೆಲ್ಲ ಫಾರಂ ತುಂಬಿಸುವುದು, ತೂಕ ನೋಡುವುದು, ಬಿಸ್ಕತ್ತು ಹಂಚುವುದೇ ಆಯಿತು. ಮಧ್ಯಾಹ್ನ ಸಾಲು ಕರಗಿದ ಮೇಲೆ ಸಿಸ್ಟರ್ ‘ಬಾ, ಈ ಕೈ ನಿನ್ನದು’ ಅಂದರು. ಮಲಗಿದ್ದವರು ಮಿಲಿಟರಿಯಿಂದ ನಿವೃತ್ತರಾದ ಒಬ್ಬ ಅಂಕಲ್. ‘ಎಡಗೈ ಬೇಡ ಮಗಳೇ, ಬಲಗೈಲಿ ನರ ಚೆನ್ನಾಗಿ ಸಿಗುತ್ತೆ’ ಎಂದು ಅವರೇ ತೋಳು ಚಾಚಿದರು. ಸೂಜಿಯ ದಪ್ಪ ನೋಡಿದ್ದೇ ನನ್ನ ಕೈ ನಡುಗತೊಡಗಿತು. ಹೇಗೋ ಹಾಕಿದೆ, ರಕ್ತ ಬಂತು. ಅರ್ಧ ಚೀಲ ಆಗುವಷ್ಟರಲ್ಲಿ ಹರಿವು ನಿಧಾನವಾಯಿತು. ಸಿಸ್ಟರ್ ಬಂದು ಸೂಜಿಯನ್ನು ಒಂದು ಚೂರು ಸರಿಮಾಡಿದ ಮೇಲೆ ಮತ್ತೆ ಹರಿದು ಚೀಲ ತುಂಬಿತು. ಅಂಕಲ್ ಏನೂ ಅನ್ನಲಿಲ್ಲ. ಆದರೆ ನಾನು ವಿದ್ಯಾರ್ಥಿನಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ‘ಹೇಳಬೇಡ, ಹೇಳಿದರೆ ಎದ್ದು ಹೋಗ್ತಾರೆ’ ಎಂದು ಸೀನಿಯರ್ ಒಬ್ಬರು ಮೊದಲೇ ಎಚ್ಚರಿಸಿದ್ದರು. ಮುಂದಿನ ತಿಂಗಳು ಇನ್ನೊಂದು ಶಿಬಿರ ಇದೆ. ಕೈ ನಡುಗುವವರು ಈ ಕೆಲಸಕ್ಕೆ ಬರಬಾರದಾ? ಹೇಳದೇ ಇದ್ದದ್ದು ಸರಿಯಾ? ಆ ಚೀಲದ ರಕ್ತ ಯಾರಿಗಾದರೂ ಉಪಯೋಗ ಆಗಿರುತ್ತದಾ?
(ಹೆಸರು ಬೇಡ, ವಿರಾಜಪೇಟೆ)

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ, ನಿನ್ನ ನಿದ್ದೆ ಕೆಡಿಸಿರುವುದು ಅದೇ ಎಂದು ಕಾಣುತ್ತದೆ. ಚೀಲ ಅಲ್ಲಾಡುತ್ತ ಇದ್ದು, ಗಡ್ಡೆ ಕಟ್ಟದೆ ಅಳತೆಗೆ ತುಂಬಿದ್ದರೆ ಆ ರಕ್ತ ವ್ಯರ್ಥವಾಗಿಲ್ಲ. ತುಂಬಾ ನಿಧಾನವಾಗಿ ತುಂಬಿದ ಚೀಲದಿಂದ ಪ್ಲೇಟ್‌ಲೆಟ್ ಬೇರ್ಪಡಿಸುವುದಿಲ್ಲ, ಅಷ್ಟೇ. ಕೆಂಪು ಕಣಕ್ಕೆ ಏನೂ ಆಗುವುದಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ, ಈ ಐದೂ ಪರೀಕ್ಷೆಯಲ್ಲಿ ಪಾಸಾದರೆ 2ರಿಂದ 6 ಡಿಗ್ರಿ ತಂಪಿನಲ್ಲಿ 35 ದಿನ ಇಡಬಹುದು. ನಮ್ಮ ಜಿಲ್ಲೆಯಲ್ಲಿ ಅಷ್ಟು ದಿನ ಯಾವ ಚೀಲವೂ ಸುಮ್ಮನೆ ಕೂರುವುದು ಕಡಿಮೆ. ಅದರಲ್ಲೂ ಮಳೆಗಾಲದಲ್ಲಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಜರಿದು ಮಂಗಳೂರು ರಸ್ತೆ ಬಂದ್ ಆದದ್ದು ನಿನಗೂ ನೆನಪಿರಬೇಕು. ಅಂಥ ಹೊತ್ತಿನಲ್ಲಿ ಹೆರಿಗೆಯಲ್ಲಿ ರಕ್ತ ಹೋದವಳಿಗೆ ಮಂಗಳೂರಿನ ಚೀಲ ಲೆಕ್ಕಕ್ಕಿಲ್ಲ, ಇಲ್ಲಿನ ಫ್ರಿಜ್ಜಿನಲ್ಲಿ ಇರುವುದೇ ಗತಿ.

ಇನ್ನು ಕೈ ನಡುಕ. ಮೊದಲ ದಿನವೇ ಅಳುಕಿಲ್ಲದೆ ಸೂಜಿ ಹಾಕಿದ ಹುಡುಗರೂ ನನ್ನ ಕೈಕೆಳಗೆ ಕಲಿತಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಒಂದು ಚಾಳಿ: ಮುಟ್ಟಿ ನೋಡುವುದಿಲ್ಲ, ನೀಲಿ ಗೆರೆ ಕಂಡಲ್ಲಿ ಹಾಕಿಬಿಡುತ್ತಾರೆ. ಹೆದರುವವರು ಎರಡು ಸಲ ಮುಟ್ಟಿ ನೋಡುತ್ತಾರೆ. ನನಗೆ ಅವರನ್ನು ತಿದ್ದುವುದು ಸುಲಭ. ನಡುಕ ಅಂಗೈಯಲ್ಲಿ ಇರುವುದಿಲ್ಲ ಮಗಳೇ, ಗಾಳಿಯಲ್ಲಿ ತೂಗಾಡುವ ಮೊಣಕೈಯಲ್ಲಿ ಇರುತ್ತದೆ. ನಿಂತುಕೊಂಡು, ಬಗ್ಗಿ, ಕೈಯನ್ನು ಯಾವುದಕ್ಕೂ ಊರದೆ ಸೂಜಿ ಹಿಡಿದರೆ ನಲವತ್ತು ವರ್ಷ ಕೆಲಸ ಮಾಡಿದವರ ಕೈಯೂ ಅಲುಗುತ್ತದೆ. ಸ್ಟೂಲ್ ಎಳೆದುಕೊಂಡು ದಾನಿಯ ತೋಳಿನ ಮಟ್ಟಕ್ಕೆ ಕೂತುಕೋ. ಸೂಜಿ ಹಿಡಿದ ಕೈಯ ಕಿರುಬೆರಳನ್ನು ಅವರ ಮುಂಗೈ ಮೇಲೆ ಊರು, ಸ್ಪಿರಿಟ್ ಹಚ್ಚಿದ ಜಾಗ ಬಿಟ್ಟು. ಎಡಗೈ ಹೆಬ್ಬೆರಳಿನಿಂದ ಕೆಳಗಡೆ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿ. ಆಮೇಲೆ ನಿನ್ನ ಕೈ ನಡುಗಿದರೂ ಅವರ ಕೈಯ ಜೊತೆಗೇ ನಡುಗುತ್ತದೆ, ಸೂಜಿ ತಪ್ಪುವುದಿಲ್ಲ. ಮತ್ತೆ, ನೋವಾಗಬಾರದು ಎಂದು ಮೆಲ್ಲಗೆ ಹಾಕಬೇಡ. ಚರ್ಮ ದಾಟುವುದು ಒಂದೇ ಸಲಕ್ಕೆ ಆಗಬೇಕು. ನೋಯಿಸುವುದು ನಿಧಾನವೇ.

ಸೂಜಿಯ ದಪ್ಪ ನೋಡಿ ಹೆದರಿದೆ ಅಂದೆಯಲ್ಲ. ನಿನ್ನ ಲ್ಯಾಬಿನಲ್ಲಿ ಸ್ಯಾಂಪಲ್ ತೆಗೆಯುವುದು 21 ಗೇಜಿನ ಸೂಜಿಯಲ್ಲಿ, ದಾನಿಗೆ ಹಾಕುವುದು 16ರದ್ದು. ನಂಬರ್ ಇಳಿದಷ್ಟೂ ಸೂಜಿ ದಪ್ಪ. 350 ಮಿಲಿ ರಕ್ತ ಹತ್ತು ನಿಮಿಷದೊಳಗೆ ಹರಿದು ಕೆಳಗಿನ ಚೀಲಕ್ಕೆ ಇಳಿಯಬೇಕು, ಕಣ ಒಡೆಯಬಾರದು, ನಡುವೆ ಗಡ್ಡೆ ಕಟ್ಟಬಾರದು. ತೆಳು ಸೂಜಿಯಲ್ಲಿ ಅದು ಆಗದ ಮಾತು. ನನ್ನನ್ನು ಕೇಳಿದರೆ, 21ರಲ್ಲಿ ಕೈ ಪಳಗುವ ತನಕ ಯಾವ ವಿದ್ಯಾರ್ಥಿಯನ್ನೂ 16ರ ಹತ್ತಿರ ಬಿಡಬಾರದು. ವಾರ್ಡಿನಲ್ಲಿ ಸಾಕಷ್ಟು ಸ್ಯಾಂಪಲ್ ತೆಗೆದಿದ್ದೀಯಾ ಎಂದು ನೀನು ಬರೆದಿಲ್ಲ. ಇಲ್ಲವಾದರೆ ಮುಂದಿನ ಶಿಬಿರದೊಳಗೆ ಅದನ್ನು ಕೇಳಿ ಪಡೆದುಕೋ. ಹುಡುಗಿಯರು ಕೇಳುವುದಿಲ್ಲ, ಕೊಟ್ಟ ಬಿಸ್ಕತ್ತು ಹಂಚುತ್ತ ಇರುತ್ತಾರೆ. ಕೇಳಬೇಕು.

ಹರಿವು ನಿಧಾನವಾದದ್ದಕ್ಕೆ ನಿನ್ನ ಕೈ ನಡುಕವೇ ಕಾರಣ ಎಂದುಕೊಳ್ಳಬೇಡ. ಸೂಜಿಯ ಓರೆ ಬಾಯಿ ರಕ್ತನಾಳದ ಗೋಡೆಗೆ ತಾಗಿ ಕೂತರೆ ಹಾಗಾಗುತ್ತದೆ. ಸಿಸ್ಟರ್ ಒಂದು ಚೂರು ತಿರುಗಿಸಿದ್ದು ಅದಕ್ಕೇ. ಸೂಜಿ ಒಳಗೆ ಕೂತ ಮೇಲೆ ಟೇಪ್ ಸರಿಯಾಗಿ ಹಾಕದಿದ್ದರೂ ಅದು ಸರಿಯುತ್ತದೆ. ದಾನಿ ಬೆರಳು ಮಡಚಿ ಬಿಡಿಸುವುದನ್ನು ಮರೆತು ಮೊಬೈಲ್ ನೋಡುತ್ತಿದ್ದರೂ ಅಷ್ಟೇ. ಮೃದು ಚೆಂಡೊಂದನ್ನು ಕೈಗೆ ಕೊಟ್ಟು ಮೆಲ್ಲಗೆ ಒತ್ತುತ್ತಿರಲು ಹೇಳು.

ನಮ್ಮ ಕಡೆ ಇನ್ನೊಂದು ಕಾರಣ ಇದೆ, ಪುಸ್ತಕದಲ್ಲಿ ಅದಕ್ಕೆ ಅರ್ಧ ಸಾಲು ಕೊಟ್ಟಿರುತ್ತಾರೆ: ಚಳಿ. ಡಿಸೆಂಬರ್ ಬೆಳಿಗ್ಗೆ ತೋಟದಿಂದ ಜೀಪಿನಲ್ಲಿ ಬಂದವರ ತೋಳು ಮುಟ್ಟಿ ನೋಡು, ಮಂಜುಗಡ್ಡೆ. ಚಳಿಗೆ ನಾಳ ಸಣ್ಣದಾಗಿ ಒಳಗೆ ಸೇರಿಕೊಂಡಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೇ ತೋಳಿನಲ್ಲಿ ಹಗ್ಗದ ಹಾಗೆ ಎದ್ದು ಕಾಣುತ್ತದೆ. ಬೆಳಿಗ್ಗೆ ಬಂದವರನ್ನು ಬಂದ ಕೂಡಲೇ ಮಲಗಿಸಬೇಡ. ಒಳಗೆ ಬೆಚ್ಚಗೆ ಕೂರಿಸು, ಕುಡಿಯಲು ನೀರು ಕೊಡು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೊಣಕೈ ಮಡಿಕೆಯ ಮೇಲೆ ಸ್ವಲ್ಪ ಹೊತ್ತು ಇಡು. ಮತ್ತೆ ಸ್ವೆಟರ್! ತೋಳು ಮೇಲಕ್ಕೆ ಸುತ್ತಿದ ಉಣ್ಣೆಯ ಸ್ವೆಟರ್ ಮೊಣಕೈ ಮೇಲೆ ಎಷ್ಟು ಬಿಗಿಯಾಗಿ ಕೂರುತ್ತದೆ ಎಂದರೆ, ನೀನು ತೋಳಿಗೆ ಸುತ್ತಿದ ಬಿಪಿ ಕಫ್‌ಗಿಂತ ಜೋರಾಗಿ ಅದೇ ರಕ್ತವನ್ನು ಹಿಡಿದುಬಿಡುತ್ತದೆ. ಕಫ್‌ನ ಒತ್ತಡ 40ರಿಂದ 60 ಮಿ.ಮೀ. ಪಾದರಸದೊಳಗೆ ಇದ್ದರೆ ಸಾಕು, ರಕ್ತ ಒಳಗೆ ಬರಬೇಕು, ಹೊರಗೆ ಹೋಗುವುದು ಮಾತ್ರ ತಡೆಯಬೇಕು. ಸ್ವೆಟರ್ ಎರಡನ್ನೂ ತಡೆಯುತ್ತದೆ. ಚಳಿಯಾದರೂ ಆ ಒಂದು ತೋಳನ್ನು ಬಿಚ್ಚಿಸು, ಮೇಲೆ ಶಾಲು ಹೊದಿಸು.

ನಾಳ ಹುಡುಕುವುದನ್ನು ಯಾರೂ ಬರೆದು ಕಲಿಸಲಾರರು, ಆದರೂ ಹೇಳುತ್ತೇನೆ. ಕಣ್ಣನ್ನು ನಂಬಬೇಡ. ಕಾಣುವ ನೀಲಿ ಗೆರೆಗಳು ಚರ್ಮದ ಅಡಿಯಲ್ಲೇ ಇರುವ ಸಣ್ಣವು, 16ರ ಸೂಜಿ ಹಿಡಿಯುವುದಿಲ್ಲ. ತೋರುಬೆರಳಿನ ತುದಿಯನ್ನು ಮೊಣಕೈ ಮಡಿಕೆಯ ನಡುವೆ ಇಟ್ಟು ಒತ್ತಿ ಬಿಡು. ಒತ್ತಿದಾಗ ತಗ್ಗಿ, ಬಿಟ್ಟಾಗ ಪುಟಿದು ಬೆರಳನ್ನು ಮೇಲಕ್ಕೆ ತಳ್ಳಿದರೆ ಅದು ನಾಳ. ತಳ್ಳದೆ ಗಟ್ಟಿಯಾಗಿ ಕೂತಿದ್ದರೆ ಸ್ನಾಯುರಜ್ಜು. ಮಿಡಿದರೆ ಅದು ಹೃದಯದಿಂದ ರಕ್ತ ತರುವ ಅಪಧಮನಿ, ಅಲ್ಲಿಂದ ಬೆರಳು ತೆಗೆ. ಬೆರಳನ್ನು ಮೇಲೆ ಕೆಳಗೆ ಓಡಿಸಿ ನಾಳ ಯಾವ ದಿಕ್ಕಿಗೆ ಹೋಗುತ್ತದೆ ಎಂದು ನೋಡಿಕೋ, ಸೂಜಿಯೂ ಅದೇ ದಿಕ್ಕಿಗೆ ಹೋಗಬೇಕು. ನಡುವಿನದು ಸಿಕ್ಕರೆ ಅದೇ ಒಳ್ಳೆಯದು, ಇಲ್ಲದಿದ್ದರೆ ಹೆಬ್ಬೆರಳ ಕಡೆಯದು. ಕಿರುಬೆರಳ ಕಡೆ, ಮೈಗೆ ಹತ್ತಿರದ ಭಾಗದಲ್ಲಿ, ದೊಡ್ಡ ನಾಳ ಸಿಕ್ಕಿತೆಂದು ಆಸೆಪಡಬೇಡ. ಅದರ ಪಕ್ಕದಲ್ಲೇ ಅಪಧಮನಿಯೂ ಸಂವೇದನೆಯ ನರವೂ ಇರುತ್ತವೆ. ದಾನಿ ‘ಕರೆಂಟ್ ಹೊಡೆದ ಹಾಗಾಯ್ತು’ ಅಂದರೆ ಮರುಮಾತಿಲ್ಲದೆ ಸೂಜಿ ಹೊರಗೆ ತೆಗೆ. ರಕ್ತ ತೀರಾ ಕೆಂಪಗೆ, ಮಿಡಿಯುತ್ತ, ಕಣ್ಣು ಮುಚ್ಚಿ ತೆರೆಯುವುದರೊಳಗೆ ತುಂಬತೊಡಗಿದರೆ ಖುಷಿಪಡುವಂಥದ್ದಲ್ಲ, ಅದು ಅಪಧಮನಿ. ಕಫ್ ಇಳಿಸಿ, ಸೂಜಿ ತೆಗೆದು, ಕನಿಷ್ಠ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು ಡಾಕ್ಟರನ್ನು ಕರೆ.

ಜಾಗ ಗೊತ್ತಾದ ಮೇಲೆ ಸ್ಪಿರಿಟ್, ಬೆಟಾಡಿನ್ ಹಚ್ಚಿ ಒಣಗಲು ಬಿಡು. ಒಣಗಿದ ಮೇಲೆ ಮತ್ತೊಮ್ಮೆ ಮುಟ್ಟಿ ನೋಡೋಣ ಅನಿಸುತ್ತದೆ, ಎಲ್ಲರಿಗೂ ಅನಿಸುತ್ತದೆ. ಮುಟ್ಟಿದರೆ ಪುನಃ ಮೊದಲಿಂದ ಒರೆಸಬೇಕು. ನಿನ್ನ ಬೆರಳಿನ ಕೀಟಾಣು ಆ ಚೀಲದೊಳಗೆ ಹೋಗಿ ಯಾರ ಮೈಗೋ ಸೇರುವ ವಿಷಯ ಇದು. ಚರ್ಮದಲ್ಲೊಂದು ಪುಟ್ಟ ಮಚ್ಚೆಯೋ ಗಾಯದ ಗುರುತೋ ಹತ್ತಿರದಲ್ಲಿದ್ದರೆ ಅದನ್ನು ಗುರುತಿಟ್ಟುಕೋ, ‘ಮಚ್ಚೆಯಿಂದ ಒಂದು ಬೆರಳು ಮೇಲೆ’ ಎಂದು.

ಸಿಗದಿದ್ದರೆ? ಒಳಗೆ ಹಾಕಿದ ಸೂಜಿಯನ್ನು ಅತ್ತ ಇತ್ತ ಆಡಿಸಿ ಹುಡುಕುವುದು ಬೇಡ. ಚೀಲಕ್ಕೆ ಸೂಜಿ ಅಂಟಿಕೊಂಡೇ ಬಂದಿರುವುದರಿಂದ ಅದೇ ಸೂಜಿಯಲ್ಲಿ ಇನ್ನೊಮ್ಮೆ ಚುಚ್ಚುವಂತಿಲ್ಲ, ಹೊಸ ಚೀಲ, ಇನ್ನೊಂದು ತೋಳು, ದಾನಿಯ ಒಪ್ಪಿಗೆ, ಮೂರೂ ಬೇಕು. ವಿದ್ಯಾರ್ಥಿಯ ಕೆಲಸ ಮೊದಲನೆಯದಕ್ಕೇ ಮುಗಿಯಿತು. ಎರಡನೆಯದನ್ನು ಸಿಸ್ಟರ್ ಹಾಕಲಿ. ಇದರಲ್ಲಿ ಹಟ ಬೇಡ.

ಈಗ ನಿನ್ನ ಸೀನಿಯರ್ ಹೇಳಿದ್ದರ ಬಗ್ಗೆ. ಅವರು ಹೇಳಿದ್ದು ತಪ್ಪು, ಮೆತ್ತಗೆ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ತೋಳು ಅವರದು. ಅವರು ಸಹಿ ಹಾಕಿದ್ದು ರಕ್ತ ಕೊಡಲು, ಕಲಿಯುವವರಿಗೆ ಕೈ ಒಡ್ಡಲು ಅಲ್ಲ. ಅದನ್ನು ಬೇರೆಯಾಗಿ ಕೇಳಬೇಕು. ‘ಅಣ್ಣ, ನಾನು ಸ್ಟೂಡೆಂಟ್. ಸಿಸ್ಟರ್ ಪಕ್ಕದಲ್ಲೇ ನಿಂತಿರ್ತಾರೆ. ಬೇಡ ಅಂದ್ರೆ ಅವರೇ ಹಾಕ್ತಾರೆ’ ಎಂದು ಮೂರು ಮಾತು. ಎದ್ದು ಹೋಗುತ್ತಾರೆಂಬುದು ಸುಳ್ಳು. ಹಾಗೆ ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ‘ಹಾಕಮ್ಮ, ನೀನು ಕಲಿಯೋದು ಯಾವಾಗ’ ಅಂದದ್ದನ್ನೇ ನಾನು ಕೇಳಿರುವುದು. ಬೇಡ ಅಂದವರೂ ಇದ್ದಾರೆ, ಅವರ ತೋಳಿಗೆ ಸಿಸ್ಟರ್ ಹಾಕಿದರು, ಯಾರ ಗಂಟೂ ಹೋಗಲಿಲ್ಲ. ನಿನ್ನ ಅಂಕಲ್ ವಿಷಯ ಬಿಡು. ‘ಬಲಗೈಲಿ ನರ ಸಿಗುತ್ತೆ’ ಎಂದು ಹೇಳಿಕೊಟ್ಟವರಿಗೆ ನೀನು ಯಾರೆಂದು ಮುಖ ನೋಡಿಯೇ ಗೊತ್ತಾಗಿರುತ್ತದೆ.

ಅಂದ ಹಾಗೆ, ಅಂಥ ಅಂಕಲ್ ಸಿಕ್ಕಿದ್ದು ನಿನ್ನ ಅದೃಷ್ಟವೂ ಹೌದು. ಮೊದಲ ಸಲ ಸೂಜಿ ಹಾಕುವವಳಿಗೆ ಹಲವು ಸಲ ಕೊಟ್ಟವರ ತೋಳು ಸಿಗಬೇಕು. ಮೊದಲ ಸಲ ಕೊಡಲು ಬಂದ ಹದಿನೆಂಟರ ತೆಳ್ಳಗಿನ ಹುಡುಗನನ್ನು ನಿನಗೆ ಕೊಟ್ಟರೆ ‘ನನಗೆ ಬೇಡ ಸಿಸ್ಟರ್’ ಅನ್ನು. ತಲೆಸುತ್ತಿ ಬೀಳುವವರು ಹೆಚ್ಚಾಗಿ ಅಂಥವರೇ, ಚಿಕ್ಕ ವಯಸ್ಸು, ಕಡಿಮೆ ತೂಕ, ಮೊದಲ ಸಲ, ಬೆಳಿಗ್ಗೆ ಕಾಫಿ ಬಿಟ್ಟು ಹೊಟ್ಟೆಗೇನಿಲ್ಲ. ಮಂಚದ ಮೇಲೆ ಅಲ್ಲ, ಎದ್ದು ನಡೆದು ಜ್ಯೂಸ್ ಮೇಜಿನ ಹತ್ತಿರ ಹೋದ ಮೇಲೆ ಬೀಳುತ್ತಾರೆ. ತುಟಿ ಬಿಳುಚಿ, ಹಣೆಯಲ್ಲಿ ಬೆವರು ಕಂಡರೆ ಅಲ್ಲೇ ನೆಲದ ಮೇಲಾದರೂ ಮಲಗಿಸಿ ಕಾಲು ಎತ್ತಿ ಹಿಡಿ. ಬಿಸ್ಕತ್ತು ಹಂಚುವ ಕೆಲಸವನ್ನು ನೀನು ಸ್ವಲ್ಪ ಬೇಸರದಿಂದ ಬರೆದಿದ್ದೀಯ. ಶಿಬಿರದಲ್ಲಿ ಕಣ್ಣು ಚುರುಕಾಗಿರಬೇಕಾದ ಜಾಗ ಅದೇ. ಬೈಕಿನಲ್ಲಿ ಬಂದವರನ್ನು ನಾನಂತೂ ಅರ್ಧ ಗಂಟೆ ಕೂರಿಸದೆ ಕಳಿಸುತ್ತಿರಲಿಲ್ಲ, ನಮ್ಮ ರಸ್ತೆಗಳ ತಿರುವು ಗೊತ್ತಲ್ಲ.

ಸೂಜಿ ತೆಗೆಯುವಾಗ ಮೊದಲು ಕಫ್ ಬಿಚ್ಚು, ಆಮೇಲೆ ಸೂಜಿ, ಆಮೇಲೆ ಹತ್ತಿ. ಮೊಣಕೈ ಮಡಚಲು ಬಿಡಬೇಡ, ಚಾಚಿಕೊಂಡೇ ಒತ್ತಲಿ, ಮಡಚಿದರೆ ಮರುದಿನ ನೀಲಿಗಟ್ಟುತ್ತದೆ. ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಲೇಬೇಡ. ನಿನಗೇ ಚುಚ್ಚಿಕೊಂಡರೆ ಹಿಂಡಬೇಡ, ಹರಿಯುವ ನೀರು ಮತ್ತು ಸೋಪಿನಲ್ಲಿ ತೊಳೆದು ಕೂಡಲೇ ಹೇಳು, ನಾಚಿಕೊಂಡು ಸಂಜೆತನಕ ಬಚ್ಚಿಡಬೇಡ. ಎಚ್‌ಐವಿ ತಡೆಯುವ ಮಾತ್ರೆ ಶುರುಮಾಡಬೇಕೆಂದು ಡಾಕ್ಟರ್ ಹೇಳಿದರೆ ಎರಡು ಗಂಟೆಯೊಳಗೆ ಶುರುವಾದರೆ ಅತಿ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯಾ? ಆಗಿಲ್ಲದಿದ್ದರೆ ಮುಂದಿನ ಶಿಬಿರಕ್ಕಿಂತ ಅದು ಮೊದಲು.

ಪ್ರಶ್ನೆ: ನನ್ನ ಮಗನಿಗೆ 18 ತುಂಬಿತು, ತೂಕ 48 ಕೆ.ಜಿ. ಹಾಕಿ ಆಡುತ್ತಾನೆ. ಕಾಲೇಜಿನ ಶಿಬಿರದಲ್ಲಿ ರಕ್ತ ಕೊಡುತ್ತೇನೆಂದು ಹಟ ಹಿಡಿದಿದ್ದಾನೆ. ಬೇಸಿಗೆಯಲ್ಲಿ ಕುಟುಂಬಗಳ ಟೂರ್ನಮೆಂಟ್ ಬೇರೆ ಇದೆ. ಆಟಕ್ಕೆ ತೊಂದರೆಯಾಗುವುದಿಲ್ಲವೇ?
(ಒಬ್ಬ ತಾಯಿ, ನಾಪೋಕ್ಲು)

ಉತ್ತರ: 18 ತುಂಬಿದೆ, 45 ಕೆ.ಜಿ. ದಾಟಿದೆ, ಹಿಮೋಗ್ಲೋಬಿನ್ 12.5 ಇದ್ದರೆ ಕೊಡಬಹುದು. ಅವನ ತೂಕಕ್ಕೆ 350 ಮಿಲಿ ಮಾತ್ರ ತೆಗೆಯುತ್ತಾರೆ, 450 ಮಿಲಿ ತೆಗೆಯುವುದು 55 ಕೆ.ಜಿ.ಗಿಂತ ಹೆಚ್ಚಿರುವವರಿಂದ. ಹೋದ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಕ್ಕೆ ಮಾತ್ರ ಕೆಲವು ವಾರ ಬೇಕು. ಓಡುವ ಆಟಗಾರನಿಗೆ ಆ ವಾರಗಳಲ್ಲಿ ಉಸಿರು ಸ್ವಲ್ಪ ಬೇಗ ಹತ್ತುತ್ತದೆ. ಹಾಗಾಗಿ ಟೂರ್ನಮೆಂಟ್ ಹತ್ತಿರದಲ್ಲಿದ್ದರೆ ಮುಗಿದ ಮೇಲೆ ಕೊಡಲಿ, ರಕ್ತ ಬೇಕಾದವರು ಜೂನಿನಲ್ಲೂ ಇರುತ್ತಾರೆ. ಕೊಡುವ ದಿನ ಚೆನ್ನಾಗಿ ತಿಂದು ಹೋಗಲಿ. ಅಂದು ಸ್ಟಿಕ್ ಮುಟ್ಟುವುದು ಬೇಡ. ಇನ್ನೊಮ್ಮೆ ಕೊಡಲು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರ ಬೇಕು. ಹಟ ಹಿಡಿದಿದ್ದಾನೆ ಅಂದಿರಿ. ಈ ವಯಸ್ಸಿನಲ್ಲಿ ಹಿಡಿಯುವ ಹಟಗಳಲ್ಲಿ ಇದು ಪರವಾಗಿಲ್ಲ.

ಪ್ರಶ್ನೆ: ನಾನು ತೋಟದ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಶಿಬಿರಕ್ಕೆ ಹೋದರೆ ಬೆರಳು ಚುಚ್ಚಿ ಒಂದು ತೊಟ್ಟನ್ನು ನೀಲಿ ನೀರಿಗೆ ಬಿಟ್ಟು ‘ನಿಮ್ಮದು ಆಗಲ್ಲ’ ಎಂದು ಎಲ್ಲರೆದುರು ವಾಪಸ್ ಕಳಿಸಿದರು. ನಾಚಿಕೆಯಾಯಿತು. ನನಗೇನು ಕಾಯಿಲೆ?
(ಸಿದ್ದಾಪುರದಿಂದ)

ಉತ್ತರ: ಎಲ್ಲರೆದುರು ಹೇಳಿದ್ದು ಅವರ ಒರಟುತನ, ನಿಮ್ಮ ನಾಚಿಕೆಯಲ್ಲ. ಆ ನೀಲಿ ನೀರು ತಾಮ್ರದ ಸಲ್ಫೇಟ್ ದ್ರಾವಣ. ಅದರ ಸಾಂದ್ರತೆಯನ್ನು ಎಷ್ಟಕ್ಕೆ ಇಟ್ಟಿರುತ್ತಾರೆಂದರೆ, ಹಿಮೋಗ್ಲೋಬಿನ್ 12.5 ಅಥವಾ ಅದಕ್ಕಿಂತ ಹೆಚ್ಚಿರುವ ರಕ್ತದ ತೊಟ್ಟು 15 ಸೆಕೆಂಡಿನೊಳಗೆ ಸೀದಾ ತಳಕ್ಕೆ ಇಳಿಯುತ್ತದೆ. ಕಡಿಮೆ ಇದ್ದರೆ ನಡುವೆ ನಿಂತು ಯೋಚಿಸುತ್ತದೆ, ಕೆಲವೊಮ್ಮೆ ಮೇಲಕ್ಕೇ ಬರುತ್ತದೆ. ಅದು ಕೊಡಬಹುದಾ ಬೇಡವಾ ಎಂದು ಮಾತ್ರ ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ನೋಡಿಸಿ. ಮುಟ್ಟಿನಲ್ಲಿ ಹೆಚ್ಚು ಹೋಗುತ್ತಿದೆಯೇ, ಹೊಟ್ಟೆಯಲ್ಲಿ ಹುಳವಿದೆಯೇ ಎಂದು ಡಾಕ್ಟರಿಗೆ ಕೇಳಲು ಬಿಡಿ. ಮತ್ತೊಂದು, ಕೊಡಗಿನಲ್ಲಿ ಕೂತು ಹೇಳಲು ನನಗೇ ಕಷ್ಟ: ಊಟವಾದ ಕೂಡಲೇ ಕಾಫಿ ಕುಡಿಯಬೇಡಿ. ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತುವುದನ್ನು ಕಾಫಿ, ಟೀ ಎರಡೂ ತಡೆಯುತ್ತವೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟರೆ ಅದನ್ನೂ ಕಾಫಿಯ ಜೊತೆ ನುಂಗಬೇಡಿ, ನಿಂಬೆಹಣ್ಣಿನ ಪಾನಕ ಒಳ್ಳೆಯದು.

ಪ್ರಶ್ನೆ: ಕಳೆದ ದಸರಾಕ್ಕೆ ತೋಳಿನ ಮೇಲೆ ಟ್ಯಾಟೂ ಹಾಕಿಸಿಕೊಂಡೆ. ಈಗ ರಕ್ತ ಕೊಡಬಹುದಾ?
(ಕುಶಾಲನಗರದ ವಿದ್ಯಾರ್ಥಿ)

ಉತ್ತರ: ಹಾಕಿಸಿದ ದಿನದಿಂದ 12 ತಿಂಗಳು ಬಿಟ್ಟು ಬನ್ನಿ. ಆ ಸೂಜಿ ಎಷ್ಟು ಶುದ್ಧವಾಗಿತ್ತೆಂದು ನಿಮಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಫಾರಂನಲ್ಲಿ ಆ ಪ್ರಶ್ನೆ ಇದೆ, ಮುಚ್ಚಿಡದೆ ಬರೆಯಿರಿ. ಅಷ್ಟರತನಕ ನಿಮ್ಮ ಗೆಳೆಯರಲ್ಲಿ ಯಾರನ್ನಾದರೂ ಶಿಬಿರಕ್ಕೆ ಕರೆತಂದು ಬಿಡಿ.